ಕಾನ್-ಕಾನ್‌ಗೆ ಪರಾನಾ, ವಿರೋಧಾನಾ? ಇದೇ ಕೊನೇ ಸಲ ಹೇಳೋದು

ಮಿಷಿಗನ್ ಸಂವಿಧಾನವನ್ನು ಹೊಸದಾಗಿ ತಿದ್ದಿ ಬರೆಯಲು ಸಭೆ ಕರೆಯಬೇಕಾ ಅನ್ನುವ ಪ್ರಶ್ನೆಗೆ ನಾನು "ಇಲ್ಲ" ಅಂತ ಮತ ಹಾಕುತ್ತೇನೆ. ಅಷ್ಟೇ ಬೇಕಿದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮಿಷಿಗನ್‌ನ ಆಚೆ ಇರುವವರಿಗೆ ಎರಡು ಮಾತು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ. ಅದನ್ನು ಪೂರ್ತಿ ತಿದ್ದಿ ಬರೆಯಲು ಒಂದು ಸಭೆ ಕರೆಯಬೇಕಾ ಅಂತ 16 ವರ್ಷಕ್ಕೊಮ್ಮೆ ಮತದಾರರನ್ನು ಕೇಳಲೇಬೇಕು ಅನ್ನುತ್ತದೆ ನಮ್ಮ ಮಿಷಿಗನ್ ಸಂವಿಧಾನ. 1978, 1994, 2010ರಲ್ಲಿ ಕೇಳಿದರು. ಮೂರು ಸಲವೂ ಜನ ಬೇಡ ಅಂದರು. 2026ರ ನವೆಂಬರ್ 3ಕ್ಕೆ ನಾಲ್ಕನೇ ಸಲ. ಕಾನ್‌ಸ್ಟಿಟ್ಯೂಷನಲ್ ಕನ್ವೆನ್ಷನ್, ಅಂದರೆ ಸಂವಿಧಾನ ಸಭೆ; ಇಲ್ಲಿಯವರ ಬಾಯಲ್ಲಿ ಚಿಕ್ಕದಾಗಿ 'ಕಾನ್-ಕಾನ್'.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವ ಧಾಟಿಗೆ. ಯುಗಾದಿ ಊಟಕ್ಕೆ ಸ್ನೇಹಿತರ ಮನೆಗೆ ಹೋಗಿದ್ದೆವು. ಬೇಸ್‌ಮೆಂಟ್ ತುಂಬ ಜನ, ಕೈಯಲ್ಲಿ ಕಾಗದದ ತಟ್ಟೆ, ಹೋಳಿಗೆಯ ತುಪ್ಪ ಮೆಲ್ಲಗೆ ಹೆಬ್ಬೆರಳ ಕಡೆ ಹರಿಯುತ್ತಿದೆ. ಆಗ ಒಬ್ಬರು ಕೇಳಿದರು: "ಏನ್ರೀ, ಸಂವಿಧಾನಾನೇ ಬದಲಾಯಿಸ್ತಾರಂತೆ. ನೀವು ಪರಾನಾ, ವಿರೋಧಾನಾ?"

ಈ ಮಾತನ್ನು ನಮ್ಮವರ ಮುಂದೆ ಸುಮ್ನೆ ಆಡಬಾರದು. ಹತ್ತೇ ನಿಮಿಷಕ್ಕೆ ಚರ್ಚೆ ನಮ್ಮ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಿಂದ ದೆಹಲಿಗೆ ಹಾರಿತು. ಅಂಬೇಡ್ಕರ್ ಹೆಸರು ಬಂತು, ಒಬ್ಬರ ದನಿ ಏರಿತು, ಇನ್ನೊಬ್ಬರು ಪಾಯಸ ಬಿಟ್ಟು ಎದ್ದರು. ಪಾಪ, ಮಿಷಿಗನ್ನನ್ನು ಕೇಳುವವರೇ ಇಲ್ಲ.

ಸ್ವಾಮಿ, ಅದು ಬೇರೆ, ಇದು ಬೇರೆ. ಭಾರತದಲ್ಲಿ ತಿದ್ದುಪಡಿ ಸಂಸತ್ತಿನ ಕೆಲಸ. ಕೆಲವಕ್ಕೆ ರಾಜ್ಯಗಳ ಒಪ್ಪಿಗೆಯೂ ಬೇಕು. ನಿಮ್ಮನ್ನು ನನ್ನನ್ನು ಯಾರೂ ಮತ ಕೇಳುವುದಿಲ್ಲ. ಇಲ್ಲಿ ಸಭೆ ಏನು ಬರೆದರೂ ಕೊನೆಗೆ ಜನರ ಮುಂದೆ ಬರಬೇಕು. ಈಗಿನ ಸಂವಿಧಾನವನ್ನು 1961-62ರಲ್ಲಿ ಲ್ಯಾನ್ಸಿಂಗ್‌ನಲ್ಲಿ 144 ಜನ ಕೂತು ಬರೆದರು. ಅವರಲ್ಲೊಬ್ಬರು ಕಾರ್ ಕಂಪನಿ ನಡೆಸುತ್ತಿದ್ದ ಜಾರ್ಜ್ ರಾಮ್ನಿ, ಆಮೇಲೆ ಗವರ್ನರ್ ಆದವರು. 1963ರಲ್ಲಿ 16 ಲಕ್ಷ ಮತ ಬಿದ್ದು, ಏಳು ಸಾವಿರ ಚಿಲ್ಲರೆ ಮತಗಳ ಅಂತರದಲ್ಲಿ ಹೇಗೋ ಪಾಸಾಯಿತು. ಇಲ್ಲಿನ ನಾಗರಿಕ ಹಕ್ಕುಗಳ ಆಯೋಗ ಹುಟ್ಟಿದ್ದು ಅದರಿಂದಲೇ. ಹಾಗಾಗಿ ಸಭೆ ಅಂದರೇ ಅನಾಹುತ ಅಂತ ನಾನು ಹೇಳುತ್ತಿಲ್ಲ.

ಮತ್ತೆ ಯಾಕೆ ಬೇಡ? ಬೇರೆ ದಾರಿ ಇದೆ, ಅದಕ್ಕೆ. ಮತದಾರರ ನಾಲ್ಕು ಲಕ್ಷಕ್ಕೂ ಜಾಸ್ತಿ ಸಹಿ ಬೇಕು, ಆದರೆ ಬೇಕಾದ ಒಂದೇ ವಿಷಯ ಹಿಡಿದು ಮತಕ್ಕೆ ತರಬಹುದು. ಕ್ಷೇತ್ರಗಳ ಗಡಿ ಎಳೆಯುವ ಕೆಲಸವನ್ನು 2018ರಲ್ಲಿ ಶಾಸಕರಿಂದ ಕಿತ್ತು ನಾಗರಿಕರ ಆಯೋಗಕ್ಕೆ ಕೊಟ್ಟದ್ದು ಹೀಗೆ. 2022ರಲ್ಲಿ ಗರ್ಭಪಾತದ ಹಕ್ಕು ಸೇರಿದ್ದೂ ಹೀಗೇ. ಸಭೆ ಕರೆದರೆ ತೆರಿಗೆ, ಪಿಂಚಣಿ, ಶಾಲೆ, ಎಲ್ಲ ಒಟ್ಟಿಗೆ ಮೇಜಿನ ಮೇಲೆ. ನ್ಯೂಯಾರ್ಕ್‌ನವರಿಗೆ ಈ ಸಹಿಯ ದಾರಿ ಇಲ್ಲ. 2017ರಲ್ಲಿ ಅಲ್ಲಿ ಇಂಥದೇ ಪ್ರಶ್ನೆ ಬಂದಾಗ ನಾನು ಅಲ್ಲಿದ್ದಿದ್ದರೆ ಹೌದು ಅಂತಿದ್ದೆನೇನೋ. (ಅಲ್ಲಿಯವರು ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಮಂದಿ ಬೇಡ ಅಂದರು. ನನ್ನನ್ನು ಕೇಳಲಿಲ್ಲ.)

"ಇಷ್ಟೆಲ್ಲ ಗೊತ್ತಲ್ಲ, 2010ರಲ್ಲಿ ಏನು ಹಾಕಿದ್ರಿ?" ಅಂತ ಒಬ್ಬ ಹುಡುಗ ಕೇಳಿದ. ಖಾಲಿ ಬಿಟ್ಟಿದ್ದೆ. ಆಗಷ್ಟೇ ಪೌರತ್ವ ಬಂದಿತ್ತು (ಗ್ರೀನ್ ಕಾರ್ಡ್ ಇದ್ದಷ್ಟು ದಿನ ಮತ ಇಲ್ಲ), ಪ್ರಶ್ನೆ ಎರಡು ಸಲ ಓದಿದೆ, ತಲೆಬುಡ ತಿಳಿಯಲಿಲ್ಲ, ಹಿಂದೆ ಸಾಲು ಬೇರೆ ಬೆಳೆಯುತ್ತಿತ್ತು. ಈ ಪ್ರಶ್ನೆಗೆ ಬಿದ್ದ ಮತಗಳನ್ನಷ್ಟೇ ಲೆಕ್ಕ ಹಿಡಿಯುತ್ತಾರೆ, ಖಾಲಿ ಬಿಟ್ಟರೆ ಎರಡೂ ಕಡೆಗಿಲ್ಲ. ನಗಬೇಡಿ. ನೀವು ಹಾಳೆಯ ಹಿಂದೆ ಮುಂದೆ ಪೂರ್ತಿ ತುಂಬಿದ್ದೀರಾ?

ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿದ್ದ ಪ್ರಶ್ನೆಯೇ ಬೇರೆ. ಹೌದು ಅಂತ ಗೆದ್ದರೆ ಆರು ತಿಂಗಳೊಳಗೆ ಚುನಾವಣೆ. ರಾಜ್ಯದ ಕೆಳಮನೆಯ ಒಂದೊಂದು ಕ್ಷೇತ್ರದಿಂದ ಒಬ್ಬರಂತೆ 110, ಸೆನೆಟ್ ಕ್ಷೇತ್ರಗಳಿಂದ 38, ಒಟ್ಟು 148 ಜನ, ಅದೂ ಪಕ್ಷಗಳ ಲೆಕ್ಕದ ಚುನಾವಣೆಯಲ್ಲಿ ಗೆದ್ದು ಬರಬೇಕು. ನಮ್ಮಿಂದ ಯಾರು ಹೋಗಿ ಕೂರುತ್ತಾರೆ? ಕೊನೆಗೆ ನಾನೇ ಕೇಳಿದೆ. ಉತ್ತರ ಇಲ್ಲ. "ಹೋಗಲಿ, ಈಗ ಲ್ಯಾನ್ಸಿಂಗ್‌ನಲ್ಲಿ ಕೂತಿರೋ ನಮ್ಮ ಎಮ್ಮೆಲ್ಲೆ ಹೆಸರು ಹೇಳಿ." ಊರಲ್ಲಾದರೆ ಎಮ್ಮೆಲ್ಲೆ ಹೆಸರಷ್ಟೇ ಅಲ್ಲ, ಅವನ ಭಾಮೈದನ ಕಾಂಟ್ರ್ಯಾಕ್ಟ್ ಎಲ್ಲಿ ನಡೀತಿದೆ ಅಂತಲೂ ಹೇಳುವ ಜನ ಇವರು. ಇಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ತಟ್ಟೆಯ ಅಡಿಯಲ್ಲಿ ಫೋನ್ ಹಿಡಿದು ಹುಡುಕುತ್ತಿದ್ದೆ. ಪರದೆಯೆಲ್ಲ ತುಪ್ಪ.

"ನೀವೇ ನಿಂತ್ಕೊಂಡ್ಬಿಡಿ ಸಾರ್" ಅಂದ ಆ ಹುಡುಗ. ಎಲ್ಲರೂ ನಕ್ಕರು, ನಾನೂ ನಕ್ಕೆ.

ವಾಪಸ್ ಬರುವಾಗ ಕಾರಿನಲ್ಲಿ ಹೆಂಡತಿ ಕೇಳಿದಳು, "ನಿಜಕ್ಕೂ ನಿಂತ್ರೆ ನಿಮಗೆ ಯಾರ್ಯಾರು ಹಾಕ್ತಾರೆ?" ಮನೆ ಮುಟ್ಟುವಷ್ಟರಲ್ಲಿ ಹನ್ನೊಂದು ಹೆಸರು ಸಿಕ್ಕವು. ಅದರಲ್ಲಿ ನಾಲ್ವರು ಗ್ರೀನ್ ಕಾರ್ಡಿನವರು.