ಕಬ್ಬಿನ ಹಂಗಾಮು ಮುಗಿದ ಮೇಲೆ ಥೈಲ್ಯಾಂಡಿನ ರೈಲೇ

ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಿಗೆ ಚಳಿಗಾಲದ ರಜೆ ಎಂಬುದಿಲ್ಲ. ದೀಪಾವಳಿಯ ಹೊತ್ತಿಗೆ ಬಾಯ್ಲರ್ ಹೊತ್ತಿಕೊಂಡರೆ ಮಾರ್ಚ್‌ವರೆಗೂ ಹಗಲಿರುಳು ಕಬ್ಬು ನುರಿಸುವುದೇ ಕೆಲಸ. ಬಂಡೆ ಹತ್ತುವವರ ಹಂಗಾಮೂ ಅದೇ ತಿಂಗಳುಗಳು. ಬಾದಾಮಿ, ಹಂಪಿ, ಇಲ್ಲಿ ಪುಣೆಯ ಹತ್ತಿರದ ನಾಗಫಣಿ, ಎಲ್ಲ ಕಡೆ ಗೆಳೆಯರು ನೇತಾಡುತ್ತಿರುವಾಗ ನಾನು ದೌಂಡ್ ಕಡೆಯ ಕಾರ್ಖಾನೆಯಲ್ಲಿ ರಸದ ಬ್ರಿಕ್ಸ್ (ಅದರಲ್ಲಿ ಕರಗಿರುವ ಸಕ್ಕರೆ ಮುಂತಾದ ಅಂಶದ ಅಳತೆ) ನೋಡುತ್ತಿರುತ್ತೇನೆ. ನನಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಆಗ ಸಹ್ಯಾದ್ರಿಯ ಕಪ್ಪುಕಲ್ಲಿನ ತುಂಬ ಪಾಚಿ. ಬಾದಾಮಿಯಲ್ಲಿ ಮಳೆ ಕಡಿಮೆ, ನಿಜ; ಆದರೆ ನೆನೆದ ಮರಳುಗಲ್ಲಿನ ಬಲ ಕುಗ್ಗಿರುತ್ತದೆ. ಹಿಡಿತದ ತುಣುಕು ಕಿತ್ತು ಬಂದರೆ ಬಂಡೆ ಹತ್ತುವ ಆ ದಾರಿ ಎಂದೆಂದಿಗೂ ಕೆಟ್ಟಂತೆ.

ಆದ್ದರಿಂದ ಈ ಆಗಸ್ಟ್‌ನಲ್ಲಿ ಬಂಡೆ ಹತ್ತಲು ಥೈಲ್ಯಾಂಡಿನ ಕ್ರಾಬಿ ಪ್ರಾಂತ್ಯದ ರೈಲೇ ಕಡಲತೀರ ಮತ್ತು ಅದರ ಪಕ್ಕದ ಟೋನ್‌ಸಾಯ್. ಜೊತೆಗೆ ಬರುವವನು ಅಕ್ಕನ ಮಗ.

"ಮಾಮಾ, ಅಲ್ಲಿಯೂ ಇದೇ ನೈರುತ್ಯ ಮಾರುತ. ದುಡ್ಡು ಕೊಟ್ಟು ನೆನೆಯುವುದಕ್ಕಿಂತ ಲೋಣಾವಳದಲ್ಲಿ ಪುಕ್ಕಟೆ ನೆನೆಯಬಹುದಲ್ಲ?" ಎಂದ.

ಮಾತು ಸುಳ್ಳಲ್ಲ. ಅಂಡಮಾನ್ ಸಮುದ್ರದ ಆ ಕರಾವಳಿಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಆದರೆ ಅಲ್ಲಿಯ ಸುಣ್ಣಕಲ್ಲಿನ ಗೋಡೆಗಳು ಚಜ್ಜೆಯಂತೆ ಮುಂದಕ್ಕೆ ವಾಲಿವೆ. ಹೊರಗೆ ಧಾರಾಕಾರ ಸುರಿಯುತ್ತಿದ್ದರೂ ಒಳಗೆ ಹತ್ತುವವನ ಬೆನ್ನು ನೆನೆಯುವುದಿಲ್ಲ. ಹಿಂದೆ ಹೋಗಿದ್ದಾಗ ನನಗೆ ತೊಂದರೆ ಕೊಟ್ಟದ್ದು ಆ ದಿನದ ಮಳೆಯಲ್ಲ, ಅದಕ್ಕೂ ಮೊದಲು ಬಿದ್ದದ್ದು. ಸುಣ್ಣಕಲ್ಲಿನ ಸೀಳುಗಳಲ್ಲಿ ಇಳಿದ ನೀರು ತನ್ನ ಸಮಯ ತೆಗೆದುಕೊಂಡು, ಜೋತುಬಿದ್ದ ಕಲ್ಲಿನ ಕೊಂಬುಗಳಿಂದ ಜಿನುಗುತ್ತದೆ. ಬಿಸಿಲು ಕಾಯುತ್ತಿರುತ್ತದೆ, ಹಿಡಿತ ಮಾತ್ರ ಸೋಪು ಹಚ್ಚಿದಂತಿರುತ್ತದೆ. ಹೀಗಾಗಿ ಈ ಸಲ ಟೋನ್‌ಸಾಯ್ ಕಡಲಂಚಿನ ಕಡಿದಾದ ದಾರಿಗಳನ್ನು ಮಾತ್ರ ಗುರುತು ಹಾಕಿಕೊಂಡಿದ್ದೇವೆ. ಥೈವಾಂಡ್ ಗೋಡೆಯ ಎತ್ತರದ ದಾರಿಗಳನ್ನು ಕೈಬಿಟ್ಟಿದ್ದೇವೆ. ಗುಡುಗು ಸಿಡಿಲಿನಲ್ಲಿ ಅಲ್ಲಿಂದ ಇಳಿಯುವ ಆಸೆ ನನಗಿಲ್ಲ.

ನನ್ನ ತಲೆ ತಿನ್ನುತ್ತಿರುವುದು ಹಗ್ಗ ಸಿಕ್ಕಿಸಲು ಬಂಡೆಗೆ ಕೂರಿಸಿರುವ ಬೋಲ್ಟುಗಳು. ಉಪ್ಪಿನಲ್ಲಿರುವ ಕ್ಲೋರೈಡ್ ಮತ್ತು ಎಳೆತ ಎರಡೂ ಸೇರಿದರೆ ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಹೊಳೆಯುತ್ತಲೇ ಒಳಗೆ ಬಿರುಕು ಬಿಡುತ್ತದೆ. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ ಮೇಲಕ್ಕೆ ಕಾಯುವ ಕೊಳವೆಗಳಿಗೆ ಮಾತ್ರ ಈ ಭಯ. ಉಷ್ಣವಲಯದ ಕಡಲಂಚಿನ ಬಂಡೆಯಲ್ಲಿ ಮಾಮೂಲಿ ಹವೆಯಲ್ಲೇ ಹಾಗಾಗಿ ಬೋಲ್ಟುಗಳು ಮುರಿದಿವೆ. ಪರ್ವತಾರೋಹಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಯುಐಎಎ ಇದರ ಬಗ್ಗೆ ಎಚ್ಚರಿಸಿದೆ. ನಮ್ಮನ್ನು ಮಳೆಯಿಂದ ಕಾಯುವ ಅದೇ ಚಜ್ಜೆ ಬೋಲ್ಟಿನ ಮೇಲಿನ ಉಪ್ಪನ್ನೂ ತೊಳೆಯಗೊಡುವುದಿಲ್ಲ ಎಂಬುದು ನನಗೆ ಬಹಳ ಸ್ವಾರಸ್ಯವೆನಿಸಿತು. ಅಕ್ಕನ ಮಗನಿಗೆ ಅನಿಸಲಿಲ್ಲ. ಅಲ್ಲಿ ಈಗ ಅನೇಕ ದಾರಿಗಳಿಗೆ ಅಂಟು ತುಂಬಿ ಕೂರಿಸಿದ ಟೈಟಾನಿಯಂ ಬೋಲ್ಟುಗಳಿವೆ. ದಾರಿ ಎಷ್ಟೇ ಚೆಂದವಿರಲಿ, ಟೈಟಾನಿಯಂ ಇಲ್ಲದಿದ್ದರೆ ಹತ್ತುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ. ಊರಿನ ಬೋಲ್ಟ್ ಹಾಕುವವರನ್ನು ಕೇಳದೆ ಹಗ್ಗ ಬಿಚ್ಚುವುದೂ ಇಲ್ಲ.

ಪ್ರಯಾಣದ ಲೆಕ್ಕ ಸುಲಭ. ಮುಂಬೈಯಿಂದ ಫುಕೆಟ್‌ಗೆ ವಿಮಾನ, ಅಲ್ಲಿಂದ ರಸ್ತೆ. ರೈಲೇಗೆ ಮಾತ್ರ ರಸ್ತೆಯಿಲ್ಲ. ಸುತ್ತ ಕಡಿದಾದ ಬಂಡೆ, ಹೋದರೆ ದೋಣಿಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಪಶ್ಚಿಮದ ದಂಡೆಗೆ ಅಲೆ ಹೆಚ್ಚು. ಹಾಗಾಗಿ ಆವ್ ನಾಮ್ ಮಾವ್ ಧಕ್ಕೆಯಿಂದ ಹತ್ತಿ ಪೂರ್ವ ದಂಡೆಯಲ್ಲಿ ಇಳಿಯುವುದು ಎಂದುಕೊಂಡಿದ್ದೇವೆ. ರೈಲೇಯಿಂದ ಟೋನ್‌ಸಾಯ್‌ಗೆ ನೀರು ಇಳಿದಾಗ ಬಂಡೆಗಳ ಮೇಲೆ ನಡೆದು ಹೋಗಬಹುದು, ಏರಿದಾಗ ಕಾಡುದಾರಿ. ಅಮಾವಾಸ್ಯೆ ಹುಣ್ಣಿಮೆಯ ಸುತ್ತ ಇಳಿತ ಜಾಸ್ತಿ ಎಂದು ಅಕ್ಕ ಮುಧೋಳದಿಂದ ಫೋನಿನಲ್ಲೇ ಪಂಚಾಂಗ ಓದಿ ತಿಥಿಗಳನ್ನು ಬರೆಸಿದಳು. ಏಕಾದಶಿಯ ದಿನ ಬಂಡೆ ಹತ್ತಬೇಡಿರೆಂದೂ ಸೇರಿಸಿದಳು. ಅದು ಯಾವ ಶಾಸ್ತ್ರದಲ್ಲಿದೆಯೋ.

ಸಾಮಾನಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕೈಬೆವರು ಹೀರಲು ಹಚ್ಚುವ ಚಾಕ್ ಪುಡಿ ಆ ತೇವದಲ್ಲಿ ಕಲಸಿದ ಹಿಟ್ಟಿನಂತಾಗುತ್ತದೆ, ಆದ್ದರಿಂದ ದ್ರವ ರೂಪದ್ದು. ಬೂಟಿನೊಳಗೆ ತುರುಕಲು ಹಳೆಯ ಪತ್ರಿಕೆ. ಕೊಕ್ಕೆಗಳನ್ನು ದಿನವೂ ಸಂಜೆ ಸಿಹಿನೀರಿನಲ್ಲಿ ತೊಳೆಯಬೇಕು. ವಿಮೆಯ ಕಾಗದವನ್ನು ಕೊನೆಯ ಪುಟದವರೆಗೆ ಓದಿದೆ. ಬಂಡೆ ಹತ್ತುವುದನ್ನು ಹೊರಗಿಟ್ಟಿದ್ದರು. ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಂಡೆ.

ಬಂಡೆ ಜಿನುಗುತ್ತಲೇ ಇದ್ದರೆ ಅಕ್ಕನ ಮಗ ಮೊದಲಿನಿಂದ ಹಟ ಹಿಡಿದಿರುವ ಕೊ ತಾವ್ ದ್ವೀಪವಿದೆ. ಅದು ಥೈಲ್ಯಾಂಡ್ ಕೊಲ್ಲಿಯ ಕಡೆಯದು. ಅಲ್ಲಿಯ ಜೋರು ಮಳೆ ಅಕ್ಟೋಬರ್ ನಂತರ, ಕಲ್ಲು ಹಂಪಿಯದರಂತೆ ಗ್ರಾನೈಟ್. ಕ್ರಾಬಿಯಿಂದ ಸೂರತ್ ಥಾನಿಗೆ ಬಸ್, ಅಲ್ಲಿಂದ ರಾತ್ರಿಯ ದೋಣಿ. ಅದಕ್ಕೆಂದೇ ರೈಲೇಯ ಕೋಣೆಗೆ ಮೊದಲ ಕೆಲವು ರಾತ್ರಿಗಳ ಹಣವನ್ನಷ್ಟೇ ಕಟ್ಟಿದ್ದೇನೆ. ಮಳೆಗಾಲದಲ್ಲಿ ಕೋಣೆಗಳಿಗೆ ಬರವಿಲ್ಲ, ಚೌಕಾಸಿಗೂ ಜಾಗವಿದೆ.