ತೊಳೆಯುವ ಮೊದಲು ನೋಡಬೇಕು

ಹಳೆಯ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಮತ್ತೆ ರಸ್ತೆಗೆ ಇಳಿಸುವುದು ನನ್ನ ವೃತ್ತಿ. ಮೈಸೂರಿನಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿಯೇ ಕೆಲಸ ನಡೆಯುತ್ತದೆ. ಇದೇ ಊರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಬೈಕುಗಳನ್ನು ತಯಾರಿಸಿತು. ಮೊದಲು ಜಾವಾ ಎಂಬ ಹೆಸರಿನಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದ ಈ ಗಾಡಿಗಳು ಇಂದಿಗೂ ರಾಜ್ಯದ ಎಷ್ಟೋ ಮನೆಗಳ ಕೊಟ್ಟಿಗೆ, ಜಗಲಿ, ತೋಟದ ಮನೆಗಳಲ್ಲಿ ನಿಂತಿವೆ. ಅಜ್ಜನದೋ ತಂದೆಯದೋ ಆದ ಅಂಥ ಗಾಡಿಯನ್ನು ತಾವೇ ಸರಿಮಾಡಿಕೊಳ್ಳಬೇಕೆಂದು ಹೊರಟವರು ನನ್ನನ್ನು ಮೊದಲು ಕೇಳುವುದು ಬಣ್ಣ ಮತ್ತು ಕ್ರೋಮಿನ ವಿಷಯ. ನಾನು ಮೊದಲು ಹೇಳುವುದು ಗಾಡಿಯನ್ನು ತೊಳೆಯಬೇಡಿ ಎಂದು.

ಈ ಮಾತು ಹಲವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಧೂಳು ಹಿಡಿದ, ಎಣ್ಣೆ ಮೆತ್ತಿಕೊಂಡ ಗಾಡಿಯನ್ನು ಕಂಡಕೂಡಲೇ ಸೀಮೆಎಣ್ಣೆ ಹಚ್ಚಿ ನೀರು ಹೊಡೆಯುವುದು ನಮ್ಮ ಗ್ಯಾರೇಜುಗಳ ಬಹುಕಾಲದ ರೂಢಿ. ಆದರೆ ಟೂ ಸ್ಟ್ರೋಕ್ ಇಂಜಿನ್ನಿನ ಮೇಲೆ ಎಣ್ಣೆ ಎಲ್ಲಿ ಮೆತ್ತಿದೆ, ಎಲ್ಲಿ ಮೆತ್ತಿಲ್ಲ ಎಂಬುದರಲ್ಲಿಯೇ ಅದರ ಕಾಯಿಲೆಯ ಅರ್ಧ ಪಾಲು ಬರೆದಿರುತ್ತದೆ. ಅದನ್ನು ಓದದೆ ತೊಳೆದುಬಿಟ್ಟರೆ, ಆಮೇಲೆ ಊಹೆಯ ಮೇಲೆ ಒಂದೊಂದೇ ಬಿಡಿಭಾಗ ಬದಲಾಯಿಸುತ್ತ ಹೋಗಬೇಕಾಗುತ್ತದೆ.

ಹೀಗೇಕೆಂದು ತಿಳಿಯಲು ಇಂಜಿನ್ನಿನ ರಚನೆಯನ್ನು ಸ್ವಲ್ಪ ಗಮನಿಸಬೇಕು. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ ಎಂದರೆ ಎಣ್ಣೆ ನಿಲ್ಲುವ ಜಾಗ. ಜಾವಾದಂಥ ಟೂ ಸ್ಟ್ರೋಕಿನಲ್ಲಿ ಅದು ಪಂಪಿನ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕೋಣೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಕಾರ್ಬ್ಯುರೇಟರಿನಿಂದ ಎಳೆದುಕೊಳ್ಳುತ್ತದೆ, ಪಿಸ್ಟನ್ ಇಳಿದಾಗ ಅದೇ ಮಿಶ್ರಣವನ್ನು ಒತ್ತಿ ಸಿಲಿಂಡರಿನೊಳಕ್ಕೆ ಕಳುಹಿಸುತ್ತದೆ. ಆದ್ದರಿಂದ ಆ ಕೋಣೆ ಗಾಳಿಯಾಡದಂತೆ ಭದ್ರವಾಗಿರಬೇಕು. ಪಿಸ್ಟನ್ನಿನ ಏರಿಳಿತದಿಂದ ತಿರುಗುವ ಕ್ರ್ಯಾಂಕ್ ಶಾಫ್ಟ್ ಎರಡೂ ಬದಿಯಲ್ಲಿ ಹೊರಬರುವ ಕಡೆ ಇರುವ ಆಯಿಲ್ ಸೀಲುಗಳೇ ಆ ಭದ್ರತೆಯನ್ನು ಕಾಯುತ್ತವೆ. ಎಡಗಡೆಯ ಸೀಲಿನ ಆಚೆ ಪ್ರೈಮರಿ ಚೈನು, ಕ್ಲಚ್ಚು ಮತ್ತು ಗೇರ್ ಆಯಿಲ್ ಇವೆ. ಬಲಗಡೆಯ ಸೀಲಿನ ಆಚೆ ಡೈನಮೋ ಇದೆ, ಹೊರಗಿನ ಗಾಳಿ ಇದೆ. ಒಂದೇ ಬಗೆಯ ಎರಡು ರಬ್ಬರ್ ಬಳೆಗಳು ಸವೆದಾಗ ತೋರುವ ಲಕ್ಷಣಗಳು ಮಾತ್ರ ಪೂರ್ತಿ ಬೇರೆ ಬೇರೆ.

ಎಡಗಡೆಯದು ಹೋದರೆ ಇಂಜಿನ್ ಗೇರ್ ಆಯಿಲನ್ನು ಒಳಕ್ಕೆ ಎಳೆದು ಸುಡುತ್ತದೆ. ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಬರುತ್ತದೆ, ಪ್ಲಗ್ ಮತ್ತೆ ಮತ್ತೆ ಒದ್ದೆಯಾಗುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಎಲ್ಲಿಯೂ ಸೋರದೆ ಕಡಿಮೆಯಾಗುತ್ತ ಹೋಗುತ್ತದೆ. ವರ್ಷಗಟ್ಟಲೆ ನಿಂತಿದ್ದ ಗಾಡಿಯ ಸೈಲೆನ್ಸರಿನಲ್ಲಿ ಹಳೆಯ ಎಣ್ಣೆ ಕೂತಿರುವುದರಿಂದ ಮೊದಲ ಸಲ ಚಾಲೂ ಮಾಡಿದಾಗ ಹೊಗೆ ಬರುವುದು ಸಹಜ. ಅದು ಕ್ರಮೇಣ ತೆಳುವಾಗುತ್ತದೆ, ಸೀಲಿನ ಹೊಗೆ ತೆಳುವಾಗುವುದಿಲ್ಲ. ಗೇರ್ ಆಯಿಲನ್ನು ಅಳೆದು ಹಾಕಿ, ಕೆಲವು ದಿನ ಓಡಿಸಿ, ಹೊರತೆಗೆದು ಮತ್ತೆ ಅಳೆದರೆ ಸಂಶಯ ಉಳಿಯುವುದಿಲ್ಲ.

ಬಲಗಡೆಯ ಸೀಲು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಹೊಗೆಯ ಮೂಲಕ ಸುಳಿವು ಕೊಡುವುದಿಲ್ಲ. ಅಲ್ಲಿಂದ ಒಳನುಗ್ಗಿದ ಗಾಳಿ ಮಿಶ್ರಣವನ್ನು ತೆಳುವಾಗಿಸುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲು ಕಡಿಮೆಯಾಗುತ್ತದೆ. ಪೆಟ್ರೋಲಿನಲ್ಲಿಯೇ ಬೆರೆತು ಬರುವ ಎಣ್ಣೆಯಿಂದ ನಡೆಯುವ ಈ ಇಂಜಿನ್ನಿಗೆ ಮಿಶ್ರಣ ತೆಳುವಾಯಿತೆಂದರೆ ಶಾಖ ಏರಿತು, ಎಣ್ಣೆಯೂ ಕಡಿಮೆಯಾಯಿತು ಎಂದೇ ಅರ್ಥ. ಹಾಗೆಯೇ ಬಿಟ್ಟರೆ ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ನನ್ನ ಬಳಿ ಬಂದ ಒಂದು ಯೆಜ್ಡಿಯ ವಿಷಯವನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಇಂದಿಗೂ ಅದನ್ನೇ ಪಾಠವಾಗಿ ಹೇಳುತ್ತೇನೆ. ಆ ಗಾಡಿಯ ತೊಂದರೆ ಎಂದರೆ ಥ್ರಾಟಲ್ ಬಿಟ್ಟರೂ ಇಂಜಿನ್ನಿನ ವೇಗ ಇಳಿಯುತ್ತಿರಲಿಲ್ಲ. ಬಿಸಿಯಾದಂತೆಲ್ಲ ತಾನಾಗಿಯೇ ಏರುತ್ತಿತ್ತು. ಹಿಂದೆ ಬೇರೆ ಬೇರೆ ಕಡೆ ರಿಪೇರಿ ಮಾಡಿಸಿದ್ದ ಮಾಲೀಕರು ಕಾರ್ಬ್ಯುರೇಟರನ್ನು ಬದಲಾಯಿಸಿದ್ದರು, ಅದರಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ಬದಲಾಯಿಸಿದ್ದರು, ಥ್ರಾಟಲ್ ಕೇಬಲ್ಲನ್ನೂ ಹೊಸದಾಗಿ ಹಾಕಿಸಿದ್ದರು. ಪ್ರತಿ ಸಲವೂ ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಅದೇ ಕಥೆಯಾಗುತ್ತಿತ್ತು. ನನಗೆ ಒಪ್ಪಿಸುವ ಮೊದಲು ಗೌರವದಿಂದ ಗಾಡಿಯನ್ನು ಫಳಫಳ ಹೊಳೆಯುವಂತೆ ತೊಳೆಸಿ ತಂದಿದ್ದರು. ಇಂಜಿನ್ ನೋಡಿದರೆ ಯಾವ ಗುರುತೂ ಇರಲಿಲ್ಲ.

ನಾನು ಅವರಿಗೆ ಗಾಡಿಯನ್ನು ವಾಪಸು ಒಯ್ದು, ತೊಳೆಯದೆ, ಒರೆಸದೆ ಒಂದು ತಿಂಗಳು ಓಡಿಸಿ ತನ್ನಿ ಎಂದು ಕೇಳಿಕೊಂಡೆ. ವೇಗವಾಗಿ ಓಡಿಸಬಾರದೆಂದು, ಬಿಸಿಯಾದರೆ ನಿಲ್ಲಿಸಬೇಕೆಂದು ಎಚ್ಚರಿಕೆಯನ್ನೂ ಹೇಳಿದೆ. ಕೆಲಸ ಒಪ್ಪಿಕೊಳ್ಳಲು ಇಷ್ಟವಿಲ್ಲದೆ ಹೀಗೆ ಹೇಳುತ್ತಿದ್ದೇನೆಂದು ಅವರಿಗೆ ಅನ್ನಿಸಿತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಹಾಗೆಯೇ ಮಾಡಿ ಮತ್ತೆ ಬಂದರು. ಈ ಬಾರಿ ಇಂಜಿನ್ನಿನ ಮೇಲೆಲ್ಲ ಒಣಗಿದ ಕೆಂಧೂಳು ಒಂದೇ ಸಮನಾಗಿ ಕೂತಿತ್ತು. ಡೈನಮೋ ಮುಚ್ಚಳದ ಕೆಳ ಅಂಚಿನಲ್ಲಿ ಮಾತ್ರ ಧೂಳು ಕಪ್ಪಾಗಿ, ಒದ್ದೆಯಾಗಿ ಅಂಟಿಕೊಂಡಿತ್ತು. ಮುಚ್ಚಳ ತೆಗೆದಾಗ ಒಳಗೆ ಶಾಫ್ಟಿನ ಸುತ್ತ ತೆಳುವಾದ ಎಣ್ಣೆಯ ಪೊರೆ, ಪ್ಲಗ್ಗಿನ ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟಿನ ಮೇಲೂ ಅದರ ಮಸಿ. ಸವೆದ ಸೀಲು ಗಾಳಿಯನ್ನು ಒಳಕ್ಕೆ ಬಿಡುವುದಷ್ಟೇ ಅಲ್ಲ, ಪಿಸ್ಟನ್ ಇಳಿಯುವಾಗ ಎಣ್ಣೆ ಬೆರೆತ ಮಿಶ್ರಣವನ್ನು ಅದೇ ದಾರಿಯಿಂದ ಹೊರಕ್ಕೂ ಉಗುಳುತ್ತದೆ. ಆ ಗುರುತು ವರ್ಷಗಳಿಂದಲೂ ಮೂಡುತ್ತಲೇ ಇತ್ತು. ಪ್ರತಿ ಸರ್ವೀಸಿನಲ್ಲೂ ಮೊದಲ ಕೆಲಸವಾಗಿ ಅದನ್ನು ತೊಳೆದುಬಿಡಲಾಗುತ್ತಿತ್ತು.

ಗುರುತು ಕಂಡಿತೆಂದು ನೇರವಾಗಿ ಸೀಲು ಬದಲಾಯಿಸುವುದೂ ಸರಿಯಲ್ಲ. ಕಾರ್ಬ್ಯುರೇಟರಿನ ದಾರಿಯನ್ನು, ಎಕ್ಸಾಸ್ಟಿನ ಎರಡೂ ದಾರಿಗಳನ್ನು ಮುಚ್ಚಿ, ಪ್ಲಗ್ಗಿನ ರಂಧ್ರದ ಮೂಲಕ ಸುಮಾರು 5 ಪಿಎಸ್ಐ ಒತ್ತಡದ ಗಾಳಿ ತುಂಬಿ, ಅದು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಬೇಕು; ಸೋಪು ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಇದಕ್ಕೆ ಬೇಕಾದ ಸಾಮಾನೆಲ್ಲ ಸೈಕಲ್ ಪಂಪು, ಕಡಿಮೆ ಒತ್ತಡ ತೋರಿಸುವ ಒಂದು ಮೀಟರು, ರಬ್ಬರ್ ತುಂಡುಗಳು. ಮನೆಯಲ್ಲಿ ಕೆಲಸ ಮಾಡುವವರು ಇದನ್ನು ಕಲಿತರೆ ಬಹಳಷ್ಟು ಹಣ ಉಳಿಯುತ್ತದೆ. ಆಮೇಲೆ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿ ಬೇರಿಂಗಿನಲ್ಲಿ ಆಟ ಇದೆಯೇ ಎಂದು ನೋಡಬೇಕು. ಬೇರಿಂಗ್ ಸವೆದಿದ್ದರೆ ಹೊಸ ಸೀಲು ಕೂಡ ಬೇಗನೆ ಹೋಗುತ್ತದೆ. ಆ ಯೆಜ್ಡಿಯಲ್ಲಿ ಬೇರಿಂಗ್ ಚೆನ್ನಾಗಿತ್ತು. ರಬ್ಬರ್ ಮಾತ್ರ ವಯಸ್ಸಾಗಿ ಗಟ್ಟಿಯಾಗಿತ್ತು, ಸೀಲಿನ ತುಟಿ ಉಜ್ಜಿದ ಕಡೆ ಶಾಫ್ಟಿನ ಮೇಲೆ ಸಣ್ಣ ಗೆರೆ ಬಿದ್ದಿತ್ತು. ಹೊಸ ಸೀಲನ್ನು ಕೂದಲೆಳೆಯಷ್ಟು ಆಚೆಗೆ ಕೂರಿಸಿ, ಅದರ ತುಟಿ ಸವೆಯದ ಮೈಯ ಮೇಲೆ ಬರುವಂತೆ ಮಾಡಿದೆ. ಥ್ರಾಟಲ್ ಬಿಟ್ಟರೆ ಇಂಜಿನ್ ಇಳಿಯತೊಡಗಿತು. ಮಾಲೀಕರು ಬಿಚ್ಚಿಸಿ ಇಟ್ಟಿದ್ದ ಹಳೆಯ ಕಾರ್ಬ್ಯುರೇಟರಿನಲ್ಲಿ ಯಾವ ದೋಷವೂ ಇರಲಿಲ್ಲವಾದ್ದರಿಂದ ಅದನ್ನೇ ಮತ್ತೆ ಹಾಕಿದೆವು.

ಬಿಚ್ಚುವಾಗಲೂ ಇದೇ ಕ್ರಮ. ಪಿಸ್ಟನ್ ಹೊರಬಂದ ಕೂಡಲೇ ಅದರ ಮಸಿಯನ್ನು ಕೆರೆಯುವ ಬದಲು ಬೆಳಕಿಗೆ ಹಿಡಿದು ನೋಡಬೇಕು. ರಿಂಗುಗಳ ಕೆಳಗೆ ಕಂದು ಬಣ್ಣ ಹರಡಿದ್ದರೆ ಸುಟ್ಟ ಅನಿಲ ಅಲ್ಲಿಂದ ಜಾರುತ್ತಿದೆ ಎಂದರ್ಥ. ಎಕ್ಸಾಸ್ಟಿನ ಕಡೆಯ ಮೈಯಲ್ಲಿ ಉದ್ದ ಗೀರುಗಳಿದ್ದರೆ ಆ ಇಂಜಿನ್ ಹಿಂದೆಂದೋ ಶಾಖಕ್ಕೆ ಕಚ್ಚಿಕೊಂಡಿದೆ. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆದ ಮೇಲೆಯೇ ರೀಬೋರಿನ, ಅಂದರೆ ಸಿಲಿಂಡರನ್ನು ಕೊರೆದು ಅಗಲ ಮಾಡುವ ಮಾತು. ಈ 250 ಸಿಸಿ ಇಂಜಿನ್ನಿನ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ.; ಕಾಲು ಕಾಲು ಮಿಲಿಮೀಟರಿನಂತೆ ಕೊರೆಯಲು ಅವಕಾಶವಿರುವುದು ಕೆಲವೇ ಸಲ. ಹೊಸ ರಿಂಗಿನಿಂದ ಸರಿಹೋಗುವ ಸಿಲಿಂಡರನ್ನು ಅಭ್ಯಾಸಬಲದಿಂದ ರೀಬೋರ್ ಮಾಡಿಸುವುದೆಂದರೆ ಮುಂದಿನ ಪೀಳಿಗೆಯ ಪಾಲನ್ನು ಇಂದೇ ಖರ್ಚು ಮಾಡಿದಂತೆ, ಏಕೆಂದರೆ ಮೂಲ ಸಿಲಿಂಡರುಗಳನ್ನು ಎರಕ ಹೊಯ್ಯುತ್ತಿದ್ದ ಆ ಕಾರ್ಖಾನೆ ಈಗಿಲ್ಲ.

ಬಣ್ಣದ ವಿಷಯಕ್ಕೂ ಈಗ ಬರಬಹುದು. ಮೂಲ ಬಣ್ಣ ಯಾವುದೆಂದು ತಿಳಿಯಲು ಫೋಟೋಗಳನ್ನು ಹುಡುಕುವುದಕ್ಕಿಂತ ಆ ಗಾಡಿಯನ್ನೇ ಕೇಳುವುದು ಮೇಲು. ಟ್ಯಾಂಕಿನ ಕೆಳಗೆ, ಸೀಟಿನ ಅಡಿಯಲ್ಲಿ, ಹೆಡ್‌ಲೈಟಿನ ಡೂಮಿನ ಒಳಗೆ ಬಿಸಿಲು ಕಾಣದ ಮೂಲ ಬಣ್ಣ ಸಾಮಾನ್ಯವಾಗಿ ಉಳಿದಿರುತ್ತದೆ. ಟ್ಯಾಂಕಿನ ಮೇಲಿನ ಗೆರೆಗಳು ಮಸುಕಾಗಿ ಕಂಡರೂ ಸಾಕು, ಹಳೆಯ ಬಣ್ಣ ಕೆರೆಯುವ ಮೊದಲು ಟ್ರೇಸಿಂಗ್ ಕಾಗದದ ಮೇಲೆ ಅವುಗಳ ಅಳತೆ ಮತ್ತು ತಿರುವನ್ನು ಎತ್ತಿಕೊಳ್ಳಬೇಕು. ಚಾಸಿಸ್ ಮತ್ತು ಇಂಜಿನ್ ನಂಬರುಗಳ ಮೇಲೆ ಸ್ಯಾಂಡ್ ಬ್ಲಾಸ್ಟಿಂಗ್ ಆಗದಂತೆ, ದಪ್ಪ ಪೌಡರ್ ಕೋಟಿಂಗ್ ತುಂಬಿಕೊಳ್ಳದಂತೆ ಟೇಪು ಸುತ್ತಬೇಕು. ಆ ನಂಬರು ಓದಲು ಬಾರದಂತಾದರೆ ಆರ್‌ಟಿಒ ಕಚೇರಿಯಲ್ಲಿ ಗಾಡಿಯ ಗುರುತೇ ಇಲ್ಲದಂತಾಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳಿರುವ ನಂಬರು ಪಡೆಯಬಹುದು. ಆದರೆ ಅದು ಮೂಲ ರೂಪದಲ್ಲಿರಬೇಕು, ಚಾಸಿಸ್ಸಿನಲ್ಲಾಗಲಿ ಇಂಜಿನ್ನಿನಲ್ಲಾಗಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅರವತ್ತರ ದಶಕದ ಜಾವಾಗಳಿಗೆಲ್ಲ ಈಗ ಆ ವಯಸ್ಸಾಗಿದೆ.

ಪೌಡರ್ ಕೋಟಿಂಗಿನಿಂದ ಬರುವ ಇನ್ನೊಂದು ತೊಂದರೆಯನ್ನು ಹೇಳದೆ ಇರಲಾರೆ. ಹಳೆಯ ಜಾವಾದ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. 12 ವೋಲ್ಟಿನ ಗಾಡಿಯಲ್ಲಿ ಅರ್ಧ ವೋಲ್ಟ್ ದಾರಿಯಲ್ಲಿ ನಷ್ಟವಾದರೆ ಗೊತ್ತಾಗದು. ಇಲ್ಲಿ ಅದೇ ನಷ್ಟಕ್ಕೆ ದೀಪ ಎದ್ದು ಕಾಣುವಂತೆ ಮಂಕಾಗುತ್ತದೆ. ಚಾಸಿಸ್ಸಿಗೆ ಅರ್ತ್ ವೈರು ಸೇರುವ ಜಾಗದಲ್ಲಿ ಪೌಡರ್ ಕೋಟಿಂಗ್ ಕೂತರೆ ಅದು ವಿದ್ಯುತ್ತನ್ನೇ ತಡೆಯುತ್ತದೆ. ಹೊಸ ಬಣ್ಣದ ಗಾಡಿಯಲ್ಲಿ ದೀಪ ಉರಿಯುತ್ತಿಲ್ಲ, ಡೈನಮೋ ಹೋಗಿದೆ ಎಂದು ಬರುವವರಿಗೆ ಎಷ್ಟೋ ಸಲ ಅರ್ತ್ ಬೋಲ್ಟಿನ ಕೆಳಗೆ ರೂಪಾಯಿ ಅಗಲದಷ್ಟು ಬಣ್ಣ ಕೆರೆದುಕೊಟ್ಟರೆ ಸಾಕಾಗಿದೆ. ಬಿಚ್ಚುವ ಮೊದಲು ಅರ್ತ್ ಎಲ್ಲೆಲ್ಲಿ ಸೇರುತ್ತಿತ್ತು ಎಂದು ಫೋಟೋ ತೆಗೆದಿಟ್ಟುಕೊಂಡವರಿಗೆ ಈ ಕಷ್ಟ ಬರುವುದಿಲ್ಲ.

ಗಾಡಿಯನ್ನು ಮಾಲೀಕರಿಗೆ ಒಪ್ಪಿಸುವಾಗ ಬಿಚ್ಚಿದ ಹಳೆಯ ಭಾಗಗಳನ್ನೆಲ್ಲ ಚೀಟಿ ಕಟ್ಟಿ ಒಂದು ಡಬ್ಬಿಯಲ್ಲಿ ಹಾಕಿಕೊಡುತ್ತೇನೆ. ಹೊಸದಾಗಿ ಸಿಗುವ ಎಷ್ಟೋ ಬಿಡಿಭಾಗಗಳು ಹಳೆಯದರಷ್ಟು ಬಾಳುವುದಿಲ್ಲ. ಅಳತೆಗಾಗಿ ಆದರೂ ಮೂಲ ಭಾಗ ಬೇಕಾಗುತ್ತದೆ. ಮನೆಯಲ್ಲಿ ನಿರ್ವಹಣೆ ಮಾಡುವವರಿಗೆ ಮುಖ್ಯವಾಗಿ ಪೆಟ್ರೋಲಿನ ಬಗ್ಗೆ ಎಚ್ಚರಿಸುತ್ತೇನೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆ ಪದರದಲ್ಲಿ ನಾವು ಬೆರೆಸಿದ ಟೂ ಸ್ಟ್ರೋಕ್ ಎಣ್ಣೆ ಇರುವುದಿಲ್ಲ. ಇಂಜಿನ್ನಿಗೆ ಮೊದಲು ಹರಿಯುವುದು ಆ ಪದರವೇ. ಹೀಗಾಗಿ ಕೆಲವು ವಾರ ಓಡಿಸುವುದಿಲ್ಲವೆಂದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಇಂಜಿನ್ ಓಡಿಸಿ ನಿಲ್ಲಿಸಬೇಕು. ಹೆಚ್ಚು ಕಾಲ ನಿಲ್ಲಿಸುವುದಾದರೆ ಟ್ಯಾಂಕನ್ನೇ ಖಾಲಿ ಮಾಡಿ ಒಳಗೆ ಎಣ್ಣೆ ಸವರಬೇಕು. ಹಳೆಯ ರಬ್ಬರ್ ಪೈಪಿನ ಬದಲು ಎಥನಾಲ್ ತಾಳುವ ಪೈಪನ್ನು ಹಾಕಿಕೊಳ್ಳಬೇಕು. ಮತ್ತೆ ಓಡಿಸುವ ದಿನ ಕಾಕಿನ ಕೆಳಗೆ ಗಾಜಿನ ಲೋಟ ಹಿಡಿದು ಸ್ವಲ್ಪ ಪೆಟ್ರೋಲು ಬಿಟ್ಟು ನೋಡಿ, ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕಿನಲ್ಲಿರುವುದನ್ನೆಲ್ಲ ಹೊರತೆಗೆದ ಮೇಲೆಯೇ ಕಿಕ್ ಹೊಡೆಯಬೇಕು.