ಕಲಬುರಗಿಯಿಂದ ಬೀದರ್‌ಗೆ ಸೈಕಲ್: ಪೆಡಲ್ ಯಾವುದಿರಲಿ, ಕಾಲಿಗೆ ಏನಿರಲಿ

ಕಮಲಾಪುರ, ಹುಮನಾಬಾದ್ ಮೇಲೆ ಹಾದು ಹೋದರೆ ಬೀದರ್ ಸುಮಾರು 110 ಕಿ.ಮೀ. ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಬೆಳಕು ಹರಿಯುವಾಗಲೇ ಹೊರಡಿ. ಊರಾಚೆ ತೆರೆದ ಬಯಲು, ಒಂದೇ ಸಮ ತುಳಿಯುವ ಹೆದ್ದಾರಿ. ಇಲ್ಲಿ ಕ್ಲೀಟ್ ಶೂ (ಅಟ್ಟೆಗೆ ಕೂರಿಸಿದ ಕ್ಲೀಟ್ ಎಂಬ ತುಣುಕು ಪೆಡಲಿಗೆ ಕಚ್ಚಿಕೊಳ್ಳುವ ಶೂ) ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಬೀದರ್ ಮುಟ್ಟಿದ ಮೇಲೆ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು ಎಲ್ಲವೂ ನಡೆದು ನೋಡುವಂಥವು. ಹಾಗಾಗಿ ಈ ದಾರಿಗೆ ಒಂದು ಬದಿ ಎಸ್‌ಪಿಡಿ (ಕ್ಲೀಟ್ ಹಿಡಿಯುವ ಶಿಮಾನೊ ಕೊಂಡಿ), ಇನ್ನೊಂದು ಬದಿ ಚಪ್ಪಟೆ ಇರುವ ಪೆಡಲ್ಲೇ ಸರಿ. ಶಿಮಾನೊ ಇಎಚ್500 ಈ ಬಗೆಯದು.

ಶೂ ಎರಡು ಬೋಲ್ಟ್ ಕ್ಲೀಟಿನದೇ ಆಗಬೇಕು. ಅದರಲ್ಲಿ ಕ್ಲೀಟ್ ಅಟ್ಟೆಯೊಳಗೆ ಹುದುಗಿರುತ್ತದೆ, ತಕ್ಕಮಟ್ಟಿಗೆ ನಡೆಯಬಹುದು. ಮೂರು ಬೋಲ್ಟಿನ ರೋಡ್ ಶೂ ಈ ಪೆಡಲ್‌ಗೆ ಕೂರುವುದೇ ಇಲ್ಲ. ಹೊಸಬರು ಎಸ್‌ಎಚ್56 ಕ್ಲೀಟ್ ಹಾಕಿಸಿ: ಎಸ್‌ಎಚ್51 ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ, 56 ಓರೆಯಾಗಿ ಎಳೆದರೂ ಬಿಡುತ್ತದೆ. ಪೆಡಲ್ ಕ್ಲೀಟನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಹೊಂದಿಸುವ ಸ್ಕ್ರೂವನ್ನು 3 ಮಿ.ಮೀ. ಅಲೆನ್ ಕೀಯಿಂದ (ಆರು ಮೂಲೆಯ ಕೀ) ಪೂರ್ತಿ ಸಡಿಲ ಮಾಡಿ ಶುರುಮಾಡಿ. ಬಿಗಿ ಮಾಡುವಾಗ ಎಡ, ಬಲ ಎರಡೂ ಪೆಡಲ್‌ಗಳಲ್ಲಿ ಟಕ್ ಎನ್ನುವ ಎಣಿಕೆ ಒಂದೇ ಇರಲಿ.

ಪೆಡಲ್ ಜೋಡಿಸುವಾಗ ಹೆಚ್ಚಾಗಿ ಕೆಡುವುದು ಎಡಗಡೆ. ಎಡ ಪೆಡಲಿನ ಮರೆ (ತಿರುಪಿನ ಸುರುಳಿ ಗೀರು) ಉಲ್ಟಾ. ಕೀಯ ಮೇಲ್ತುದಿ ಮುಂದಿನ ಚಕ್ರದ ಕಡೆ ಹೋದರೆ ಎರಡೂ ಬದಿ ಬಿಗಿಯಾಗುತ್ತದೆ, ಇಷ್ಟು ನೆನಪಿದ್ದರೆ ಸಾಕು. ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಬಿಗಿ ಅನ್ನಿಸಿದರೆ ಮರೆ ಓರೆಯಾಗಿ ಕೂತಿದೆ ಎಂದರ್ಥ, ಕೀ ಹಾಕಬೇಡಿ. ಪೆಡಲ್ ಕೂರುವ ಅಲ್ಯೂಮಿನಿಯಂ ತೋಳಿನ, ಅಂದರೆ ಕ್ರ್ಯಾಂಕಿನ, ಮರೆ ಒಮ್ಮೆ ಹರಿದರೆ ಕ್ರ್ಯಾಂಕ್‌ಗೇ ಖರ್ಚು. ಗ್ರೀಸ್ ಇಲ್ಲದೆ ಹಾಕಿದರೆ ಮುಂದೆ ಬಿಚ್ಚಲು ಬರುವುದಿಲ್ಲ.

ದಾರಿಯಲ್ಲಿ ಒಂದು ಅಭ್ಯಾಸ ಇಟ್ಟುಕೊಳ್ಳಿ: ಊರು ಹತ್ತಿರವಾದಂತೆ ಪೆಡಲ್ ಮಗುಚಿ ಚಪ್ಪಟೆ ಬದಿ ತುಳಿಯಿರಿ. ಹುಮನಾಬಾದ್‌ನಲ್ಲಿ ಹೈದರಾಬಾದ್–ಸೋಲಾಪುರ ಹೆದ್ದಾರಿ ಅಡ್ಡ ಬರುತ್ತದೆ, ಲಾರಿಗಳ ನಡುವೆ ಕಾಲು ಸಿಕ್ಕಿಕೊಂಡಿರಬಾರದು.

ಮಳೆ ಬಿದ್ದಿದ್ದರೆ ರಸ್ತೆ ಬಿಟ್ಟು ಎರೆಮಣ್ಣಿಗೆ ಕ್ಲೀಟ್ ಊರಬೇಡಿ. ಆ ಮಣ್ಣು ಕ್ಲೀಟಿನ ಸುತ್ತ ಮೆತ್ತಿಕೊಂಡರೆ ಪೆಡಲ್ ಹಿಡಿಯುವುದಿಲ್ಲ. ಒಣಗಿದರೆ ಬೋಲ್ಟಿನ ಆರು ಮೂಲೆ ಗುಳಿ ತುಂಬಿ ಕೀಯೂ ಇಳಿಯುವುದಿಲ್ಲ. ಹಸಿಯಿದ್ದಾಗಲೇ ಕಡ್ಡಿಯಿಂದ ಕೆತ್ತಿ ತೆಗೆಯಿರಿ. ಇನ್ನೂ ಅಪಾಯದ್ದು ಸಡಿಲ ಬೋಲ್ಟ್. ಒಂದು ಬೋಲ್ಟ್ ಬಿದ್ದುಹೋದರೆ ಹಿಮ್ಮಡಿ ತಿರುಗುತ್ತದೆ, ಕ್ಲೀಟ್ ಮಾತ್ರ ಪೆಡಲಿನಲ್ಲೇ ನಿಲ್ಲುತ್ತದೆ, ಸವಾರ ಸೈಕಲ್ ಸಮೇತ ಉರುಳುತ್ತಾನೆ. ಹಾಗಾದಾಗ ಶೂ ಬಿಚ್ಚಿ ಕಾಲು ತೆಗೆಯುವುದೇ ದಾರಿ. 4 ಮಿ.ಮೀ. ಕೀ, ಎರಡು ಹೆಚ್ಚುವರಿ ಬೋಲ್ಟ್ ಜೇಬಿನಲ್ಲಿರಲಿ. ದಾರಿಯ ಅಂಗಡಿಗಳಲ್ಲಿ ಸಿಗುತ್ತವೆಂದು ನಂಬಿ ಹೊರಡಬೇಡಿ.

ಕೋಟೆಯ ನುಣುಪು ಕಲ್ಲಿನ ಮೇಲೆ ಲೋಹದ ಕ್ಲೀಟ್ ಜಾರುತ್ತದೆ, ಸವೆಯುತ್ತದೆ ಕೂಡ. ಬೆನ್ನುಚೀಲದಲ್ಲಿ ಹಗುರ ಕ್ಯಾನ್ವಾಸ್ ಶೂ ಒಯ್ಯಿರಿ. ನಾನಕ್ ಝೀರಾ ಗುರುದ್ವಾರದಲ್ಲಿ ಹೇಗೂ ಪಾದರಕ್ಷೆ ಹೊರಗೆ. ಊರೊಳಗಿನ ಓಡಾಟಕ್ಕೆ ಚಪ್ಪಟೆ ಬದಿಯ ಮೇಲೆ ಅದೇ ಶೂ ಸಾಕು. ಹವಾಯಿ ಚಪ್ಪಲಿ ಮಾತ್ರ ಬೇಡ, ಪೆಡಲಿನ ಪಿನ್‌ಗಳು ಅದರ ಅಟ್ಟೆಯನ್ನು ಕಿತ್ತುಹಾಕುತ್ತವೆ. ವಾಪಸ್ ಹೊರಡುವ ಹಿಂದಿನ ರಾತ್ರಿ ನಾಲ್ಕೂ ಕ್ಲೀಟ್ ಬೋಲ್ಟ್‌ಗಳಿಗೆ ಕೀ ತಾಗಿಸಿ ನೋಡಿ, ಒಂದು ಕೂದಲೆಳೆ ತಿರುಗಿದರೂ ಬಿಗಿ ಮಾಡಿ.